ನಿಯಮ ಮೂವತ್ತೊಂದು, ಉಪನಿಯಮ ಆ

ನೂರಾ ಹದಿನಾಲ್ಕು ನಿಯಮ, ಹದಿನೈದು ದಿನ,
ಎರಡೇ ಕಾಲಂ: ಇರಲಿ, ಹೋಗಲಿ.
ಮೂರನೆಯದೊಂದು ಕೇಳಿದ್ದೆ.
ನಮೂನೆಯಲ್ಲಿ ಜಾಗವಿಲ್ಲ ಅಂದರು.

ಚಿಕ್ಕಮಗಳೂರಿನ ಸಭೆಯಲ್ಲಿ ಮಂತ್ರಿಗಳು
ಕೆಂಪು ಪಟ್ಟಿಯ ಕಾಲ ಮುಗಿಯಿತು ಎಂದಾಗ
ನಾನೂ ಚಪ್ಪಾಳೆ ತಟ್ಟಿದವನೇ.
ಇಪ್ಪತ್ತಾರು ವರ್ಷ ಕಡತಕ್ಕೆ ಲಾಡಿ ಕಟ್ಟಿದ ಬೆರಳು ಇವು;
ಗಂಟು ಬಿಚ್ಚುವುದು ಯಾರಿಗೆ ಬೇಡ?

ಮೊದಲು ಹೋದದ್ದು ಪೀಕದಾನಿ.
ಇಪ್ಪತ್ತು ಆಳಿಗೊಂದು, ತಳದಲ್ಲಿ ಒದ್ದೆ ಮರಳು,
ವಾರಕ್ಕೆರಡು ಸಲ ಬದಲು, ಬದಲಿಸಿದ್ದಕ್ಕೆ ಸಹಿ.
ಹೋಗಲಿ.
ಆಮೇಲೆ ಸುಣ್ಣದ ರಿಜಿಸ್ಟರು.
ಬಳಿದದ್ದೆಲ್ಲ ಪುಸ್ತಕಕ್ಕೆ, ಗೋಡೆಗಲ್ಲ.
ಅದರಲ್ಲಿ ನಾನು ಹಾಕಿದ ಒಂದೊಂದು ರುಜುವಿಗೂ
ಎರಡೆರಡು ಕೆಜಿ ಪೀಬೆರಿ ಪುಡಿ ಮನೆಗೆ ಬರುತ್ತಿತ್ತು,
ಚಿಕೋರಿ ಬೆರೆಸದ್ದು.
ಹೋಗಲಿ, ಅದೂ ಹೋಗಲಿ.
ಹೆಂಡತಿ ಈಗ ಅಂಗಡಿಯಿಂದ ತರುತ್ತಾಳೆ.
ಎತ್ತಿನ ಗಾಡಿಗೆ ಲಾಟೀನು,
ಉಗಿಯಂತ್ರದ ಕಾವಲಿನವನಿಗೆ ಎರಡು ಕಂಬಳಿ.
ಒಂದು ಬಗೆಯ ಅಮಲು ಅದು, ಹೊಡೆದುಹಾಕುವುದು.
ಊಟದ ಹೊತ್ತಿಗೆ ಅರವತ್ತು ದಾಟಿತ್ತು.

ಮೂವತ್ತೊಂದರಲ್ಲಿ ಪೆನ್ನು ನಿಂತಿತು.
ಪಟ್ಟೆ ಓಡುವ ಪ್ರತಿ ಯಂತ್ರದ ಬಲಕ್ಕೆ
ನೆಲದಿಂದ ಮೂರಡಿ ಎತ್ತರದಲ್ಲಿ
ಗಂಟೆ ಕಟ್ಟಿದ ಹಗ್ಗ ಹಾದಿರತಕ್ಕದ್ದು;
ಎಳೆದೊಡನೆ ಯಂತ್ರ ನಿಲ್ಲತಕ್ಕದ್ದು.
ಮೂರಡಿ ಯಾರ ಅಳತೆ ಮಾರಾಯರೆ?
ನನ್ನ ತೊಡೆಗೆ ಬರುತ್ತೆ.

ಮಾರನೆ ದಿನ ಕಡೂರು ರಸ್ತೆಯ ಕಾಫಿ ಕ್ಯೂರಿಂಗಿಗೆ ಹೋದೆ.
ಮಾಲೀಕ ಧರಣೇಂದ್ರಯ್ಯ ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ.
"ಹೊಸ ಮಿಷನ್ನು ಸಾರ್, ನೋಡಿ, ಕೆಂಪು ಗುಂಡಿ.
ಒತ್ತಿದರೆ ನಿಂತಿತು. ಹಗ್ಗ ಯಾಕೆ?
ನಿಮ್ಮ ಇಲಾಖೆಗೆ ನಾನು ತುಂಬಿದ ಕಾಗದದ ಖರ್ಚಲ್ಲಿ
ಇನ್ನೊಂದು ಶೆಡ್ಡು ಎಬ್ಬಿಸಬಹುದಿತ್ತು."
ನಿಜವೇ.
ಗುಂಡಿ ನನ್ನ ಎದೆಮಟ್ಟಕ್ಕಿತ್ತು, ಹೊಳೆಯುತ್ತಿತ್ತು.

ಹಗ್ಗವೂ ಇತ್ತು.
ಅದರುದ್ದಕ್ಕೂ ಹೆಂಗಸರ ಬುತ್ತಿಚೀಲ,
ಒಂದು ಸ್ವೆಟರು, ಯಾರದೋ ಬಿಪಿ ಮಾತ್ರೆಯ ಪೊಟ್ಟಣ.
ಉಪ್ಪಳ್ಳಿಯ ಹಫೀಜಾಬಿ ಕಾಳು ಆರಿಸುತ್ತಲೇ ಅಂದಳು:
"ಅದು ಬಿದ್ದೋರಿಗೆ ಸಾರ್. ನಿಂತೋರಿಗಲ್ಲ.
ನಮ್ಮ ನಾನಿ ಹೇಳೋರು, ತಮಿಳೋರ ಹುಡುಗಿ ಅಂತೆ,
ಸೆರಗು ಬೆಲ್ಟಿಗೆ ಸಿಕ್ಕಿ ಬಿದ್ದೋಳಿಗೆ
ಗೋಡೆ ಮೇಲಿನ ಹಿಡಿ ಎಟುಕಲಿಲ್ಲ. ಹೆಸರು ಏನೋ ಇತ್ತು."
ತಲೆ ಎತ್ತಲಿಲ್ಲ.
ಕಪ್ಪು ಕಾಳೊಂದು ಅವಳ ಎಡಕ್ಕೆ ಹೋಯಿತು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ.
ಆ ನಿಯಮವನ್ನು ಹೀಗೆ ಕೂತು ಓದಬೇಕು ಅಂತ
ಯಾರೂ ಎಲ್ಲೂ ಬರೆದಿರಲಿಲ್ಲ.
ಅಲ್ಲಿಂದ ಬೆಲ್ಟಿನ ಹೊಟ್ಟೆ ಕಾಣುತ್ತೆ,
ಅದು ಒಳಗೆ ನುಸುಳುವ ಸಂದು ಕಾಣುತ್ತೆ,
ಧರಣೇಂದ್ರಯ್ಯನವರ ಪ್ಯಾಂಟಿನ ಇಸ್ತ್ರಿಗೆರೆ ಕಾಣುತ್ತೆ.
ಗುಂಡಿ ಕಾಣುವುದಿಲ್ಲ.

ಹಗ್ಗ ಎಳೆದೆ.
ಗಂಟೆ ಆಡಿತು. ಇಪ್ಪತ್ತು ತಲೆ ತಿರುಗಿದವು,
ಊಟಕ್ಕೆ ಬಿಟ್ಟರೇ ಎಂದು.
ಯಂತ್ರ ತನ್ನ ಪಾಡಿಗೆ ಓಡುತ್ತಿತ್ತು;
ಒಳಗಿನ ತಂತಿ ಎಂದೋ ಕಳಚಿತ್ತು,
ನನ್ನ ತಪಾಸಣಾ ವರದಿಗಳಲ್ಲಿ ಮಾತ್ರ
ವರ್ಷಾವರ್ಷ ಸುಸ್ಥಿತಿಯಲ್ಲಿತ್ತು.

ಕಚೇರಿಗೆ ಬಂದು
ಎರಡು ಕಾಲಮ್ಮಿನ ನಡುವಿನ ಗೆರೆಯ ಮೇಲೆ
ಸಣ್ಣ ಅಕ್ಷರದಲ್ಲಿ ಬರೆದೆ:
ಹಗ್ಗ ಹೋಗಲಿ. ಗುಂಡಿ ಇಳಿಯಲಿ. ಮೂರಡಿ ಇರಲಿ.
ಟೈಪಿನ ಹುಡುಗ ಚಂದ್ರಹಾಸ ಕಾಗದವನ್ನು ಬೆಳಕಿಗೆ ಹಿಡಿದ.
"ಇದು ಯಾವ ಕಡೆಗೆ ಸಾರ್?
ಗೆರೆ ಮೇಲೆ ಬರೆದರೆ ಕಂಪ್ಯೂಟರು ತಗೊಳ್ಳಲ್ಲ."

ಐದು ಗಂಟೆಗೆ ಬೆಂಗಳೂರಿನಿಂದ ಫೋನು:
ನಾಳೆ ಪತ್ರಿಕಾಗೋಷ್ಠಿ, ಎಷ್ಟು ಹೋದವು?
ತೊಂಬತ್ತೊಂಬತ್ತು ಅಂದೆ.
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
ನೂರಾದರೆ ಹೇಳುವುದಕ್ಕೆ ಚೆನ್ನ ಅಲ್ಲವೇ
ಅಂದರು, ತುಂಬ ಮೆಲ್ಲಗೆ, ಬೈಯದೆ.