ಬಾಣದ ಗುರುತು

ಬೆಟಗೇರಿಯೊಳಗ ಹತ್ತಿ ಜಿನ್ನಿನ ಎದುರಿಗೆ
ಮ್ಯಾಲಿನ ಖೋಲ್ಯಾಗ ಫಕ್ಕೀರೇಶನ ಸ್ಟುಡಿಯೋ.
ಲಗ್ನದ ಸುಗ್ಗಿ. ದಿನಕ್ಕ ಮೂರು ಮದುವಿ ವಿಡಿಯೋ
ಹೊರಗ ಬರಬೇಕು ಆ ಒಂದ ಡಬ್ಬಿಯಿಂದ.
"ನೀರು ಹಾಯಿಸೋ ಮಶೀನ್ ರೀ ಇದು, ಲಕ್ಷದ ಮ್ಯಾಲೆ ಕೊಟ್ಟೇನಿ,
ಆದ್ರೂ ಅಕ್ಕಿಕಾಳು ಬೀಳೂ ಹೊತ್ತಿಗೆ ಬಂದ್ ಬೀಳತೈತಿ."
ಪರದೆಮ್ಯಾಲೆ ತೊಂಬತ್ತೆಂಟು ಡಿಗ್ರಿ.

ಗಾಜಿನ ಬಾಗಲಾ ತಗದೆ. ಮದಲ ಕಂಡದ್ದು ಹತ್ತಿ.
ರೇಡಿಯೇಟರಿನ ತೆಳ್ಳನ ಹಲ್ಲಿನ ತುಂಬ,
ಯಾರೋ ಸಣ್ಣದೊಂದು ಗಾದಿ ಹೊಲಿಯಾಕ ಕೂತು
ಅರ್ಧಕ್ಕ ಎದ್ದು ಹೋದಂಗ.
ಬ್ರಶ್ಶು ಹಿಡದು ಕೂತೆ, ಅರ್ಧ ತಾಸು.
ಹತ್ತಿ ಹೋತು. ಡಿಗ್ರಿ ಹೋಗಲಿಲ್ಲ.

"ಊದಿನಕಡ್ಡಿ ಐತೇನ್ರಿ?"
ಪೂಜಾ ಮಾಡಾಕಂತ ತಿಳದು ಆತ ನಕ್ಕ.
ಆಲ್ಬಮ್ ಕೂಡಸ್ತಿದ್ದ ಜೈಬೂನ ಎದ್ದು ಹೋಗಿ
ಗಲ್ಲಾಪೆಟ್ಟಿಗಿ ಹಿಂದಿಂದ ಒಂದ ಕಡ್ಡಿ ತಂದು ಹಚ್ಚಿ ಕೊಟ್ಲು.

ಹೊಗಿ ಸುಳ್ಳ ಹೇಳೂದಿಲ್ಲ.
ಮುಂದಿನ ಮೂರು ಫ್ಯಾನಿಗೆ ಹಿಡದೆ, ಒಳಗ ಹೋತು.
ನೆತ್ತಿಮ್ಯಾಲೆ, ರೇಡಿಯೇಟರ್ ಇದ್ದಲ್ಲಿ, ಅಲ್ಲೂ ಒಳಗ.
ಬೆನ್ನಿನ ಫ್ಯಾನೂ ಒಳಗ ಜಗ್ಗತಿತ್ತು.
ಆರೂ ಮಂದಿ ಬಾ ಅನ್ನವರು,
ಹೋಗಿ ಬಾ ಅನ್ನವರು ಒಬ್ಬರೂ ಇಲ್ಲ.
ಒಳಗ ಸಿಕ್ಕ ಹೊಗಿ ಸ್ಕ್ರೂ ತೂತಿನಿಂದ, ವಾಯರಿನ ಸಂದಿಯಿಂದ
ಸಣ್ಣಾಗಿ ಹೊರಬಂತು,
ಗದ್ದಲದ ಮನಿಯಿಂದ ಗಪ್ಪನ ಎದ್ದು ಹೋಗೂ ಬೀಗರಂಗ.
"ಗಾಳಿ ಚೊಲೋತ್ನಂಗ ಬರಲಿ ಅಂತ ನಾನ ಹಂಗ ಕೂಡಿಸಿದ್ದೆ,"
ಅಂದ ಫಕ್ಕೀರೇಶ, ಗೋಡಿಗೆ.

ಫ್ಯಾನಿನ ಬಗಲಾಗ ಎರಡು ಬಾಣ ಇರತಾವ:
ಒಂದು ರೆಕ್ಕಿ ತಿರುಗೂ ಕಡೆ, ಒಂದು ಗಾಳಿ ಹೊಂಡೂ ಕಡೆ.
ಬಾಣ ಕಾಣದಿದ್ರ ಇಷ್ಟ ನೋಡ್ರಿ,
ಬರೇ ರೆಕ್ಕಿ ಕಾಣೂ ಮಾರಿ ಕುಡೀತೈತಿ,
ಕಡ್ಡಿ ಕಟ್ಟಿದ ಬೆನ್ನು ಊದತೈತಿ.

ನಮ್ಮವ್ವ ಕಣದಾಗ ಮರಾ ಎತ್ತಿ ನಿಂತಾಗ
ಯಾವ ಬಾಣಾನೂ ಇರಲಿಲ್ಲ.
ಬೆವತ ಕುತ್ತಿಗಿ ಎತ್ತಲಿಂದ ತಂಪಾತು ನೋಡಿ
ಅತ್ತ ಬೆನ್ನು ಮಾಡತಿದ್ಲು.
ಹೊಟ್ಟು ಹಾರೂ ಕಡೆ ನಾವು ನಿಂತಿದ್ರ
"ಅಲ್ಲ್ಯಾಕ ನಿಂತೀರಿ, ಕಣ್ಣ ಹೋಗ್ತಾವ" ಅಂತಿದ್ಲು.

ಕಪ್ಪತಗುಡ್ಡದ ದೊಡ್ಡ ರೆಕ್ಕಿಗೋಳು
ತಾವ ಕುತ್ತಿಗಿ ಹೊಳ್ಳಿಸಿ ಗಾಳಿಗೆ ಮಾರಿ ಕೊಡತಾವ.
ಇವಕ್ಕ, ಪಾಪ, ಕುತ್ತಿಗಿ ಇಲ್ಲ.
ನಾಕ ನಾಕ ಸ್ಕ್ರೂ ಬಿಚ್ಚಿ
ನೆತ್ತಿಯ ಎರಡು, ಬೆನ್ನಿನ ಒಂದು
ಹೊರಗ ಮಾರಿ ಮಾಡಿದೆ.
ಮುಂದಿನ ಮೂರಕ್ಕ ಜಾಳಗಿ ಹಚ್ಚಿ ಹಂಗ ಬಿಟ್ಟೆ.
ಪೈಪಿನ್ಯಾಗ ಗುಳುಗುಳು ಅಂತಿತ್ತು.
ನೀರಿನ ಹೊಟ್ಟ್ಯಾಗ ಸಿಕ್ಕ ಗಾಳಿ ಗಾಳಿ ಅಲ್ಲ, ಅಡ್ಡಿ.
ಹಾಲು ಕುಡದ ಕೂಸಿಗೆ ತೇಗ ಬರಿಸಿದಂಗ
ಡಬ್ಬಿ ವಾರೆ ಮಾಡಿ ತಟ್ಟಿದೆ.

ಕಡ್ಡಿ ಕೊನಿಗೆ ಬಂದಿತ್ತು.
ಹೊಗಿ ಮುಂದಿಂದ ಹೊಕ್ಕು, ಬಿಸಿ ಕಾರ್ಡಿನ ಮಗ್ಗಲ ಹಾದು,
ನೆತ್ತಿಯಿಂದ ಎದ್ದು ಹೋತು.
ಅರವತ್ತೊಂಬತ್ತು.

ಫಕ್ಕೀರೇಶ ರೊಕ್ಕಾ ಎಣಿಸಾಕ ಹತ್ತಿದ.
ಬೆನ್ನಿನ ಗಾಳಿ ಎಲ್ಲಿಗೆ ಹೊಂಟೈತಿ ಅಂತ ನಾನು ಅಂಗೈ ಹಿಡದೆ.
ನೆಟ್ಟಗ ಜೈಬೂನಳ ಮೊಣಕಾಲಿಗೆ.
ಬಿಸಿ ಸಾಯೂದಿಲ್ಲ. ನೀರು ಹೊತಗೊಂಡು ಬಂದು
ಗಾಳಿ ಕೈಗೆ ಕೊಡತೈತಿ, ಗಾಳಿ ಒಯ್ದು
ಯಾರದೋ ಕಾಲಮ್ಯಾಲೆ ಇಡತೈತಿ.

"ಸರಸೂಣೇನ ಡಬ್ಬಿ?"
"ಈಗ ಸರಸ್ರಿ ಅಕ್ಕಾರ," ಅಂದ್ಲು.
"ಥಂಡಿ ದಿನಾ ಬರಲಿ, ನಾನ ಹೊಳ್ಳಿ ಎಳಕೋತೀನಿ.
ಮೊಣಕಾಲು ಹಿಡಕೋತಾವ ನನಗ."

ಮೂರು ಮಂದಿ ಎತ್ತಿ ಟೇಬಲ್ಲಿಗೆ ಇಟ್ಟಿವಿ,
ಕಿಡಕಿಗೆ ಬೆನ್ನು ಮಾಡಿ.
ಕಿಡಕಿ ತಗದೆ.
ಎದುರಿನ ಜಿನ್ನಿನಿಂದ ಒಂದ ಎಳಿ ಹತ್ತಿ
ನಿಧಾನಕ ಒಳಗ ಬರತಿದ್ದದ್ದು
ನಮ್ಮ ಬಿಸಿ ಗಾಳಿ ತಾಕಿ
ಅಲ್ಲೇ ಒಂದ ಗಳಿಗಿ ನಿಂತು
ಹೊಳ್ಳಿ ಹೋತು.