ಎರಡಕ್ಷರ

ಸೆಪ್ಟೆಂಬರಿನ ಸಂಬಳದ ವಾರ. ಗ್ರಿಮ್ಸ್‌ಬಿ ಬಂದರಿನ ಗಾಳಿಗೆ
ನಮ್ಮ ಕಿಟಕಿ ತೆರೆದರೆ ಮೀನು, ಮುಚ್ಚಿದರೂ ಮೀನು.
ನಾನು ಲೆಕ್ಕದವಳು. ಮುನ್ನೂರ ಹನ್ನೆರಡು ಜನರ
ಹೊಟ್ಟೆಪಾಡು ನನ್ನ ಪರದೆಯ ಮೇಲೆ ಹರಿದು ಹೋಗುತ್ತದೆ,
ಸಾಲಿಗೊಂದು ಹೆಸರು, ಹೆಸರಿಗೊಂದು ತೆರಿಗೆ ಸಂಕೇತ.
ಎಲ್ಲರದೂ ಹೆಚ್ಚುಕಡಿಮೆ ಒಂದೇ:
ಒಂದು ಎರಡು ಐದು ಏಳು, ಕೊನೆಗೊಂದು ಎಲ್.

ನೆವಿಲ್ ಲೆಗಾಟ್, ಶೀತಲಗೃಹ, ರಾತ್ರಿ ಪಾಳಿ.
ಅವನ ಸಾಲಿನಲ್ಲಿ ಅಂದು ಅಂಕಿಗಳಿರಲಿಲ್ಲ.
ಎನ್. ಟಿ.
ತೆರಿಗೆ ಇಲ್ಲ.

ಕಾರಣ ಬರೆದಿರುವುದಿಲ್ಲ. ಇಲಾಖೆ ಅಷ್ಟರಮಟ್ಟಿಗೆ ಮರ್ಯಾದಸ್ಥ.
ಆದರೆ ಇಪ್ಪತ್ತಾರು ವರ್ಷ ಈ ಕುರ್ಚಿ ಸವೆಸಿದವಳಿಗೆ
ಎರಡಕ್ಷರ ಸಾಕು.
ಪರದೇಶಕ್ಕೆ ಹೋದವನಲ್ಲ ಅವನು, ನಿನ್ನೆಯಷ್ಟೇ
ಕ್ಯಾಂಟೀನಿನಲ್ಲಿ ಬಟಾಣಿ ಹಿಸುಕಿಕೊಂಡು ಕೂತಿದ್ದ.
ಇನ್ನುಳಿದದ್ದು ಒಂದೇ.
ಪಾಪರ್.

ಏರ್ಪಾಡು ಹೀಗೆ: ದಿವಾಳಿಯೆಂದು ಬರೆದುಕೊಟ್ಟವನ ಸಂಬಳದಲ್ಲಿ
ಆ ವರ್ಷದ ಉಳಿದ ತಿಂಗಳು ತೆರಿಗೆ ಮುರಿಯುವುದಿಲ್ಲ.
ಇನ್ನೂರ ನಲವತ್ತು ಪೌಂಡು ಹೆಚ್ಚಿಗೆ ಬರುತ್ತದೆ,
ಅವನ ಮನೆಯಲ್ಲಿ ಒಂದು ರಾತ್ರಿ ಮಲಗುತ್ತದೆ,
ಬೆಳಗಾದರೆ ಸರ್ಕಾರಿ ರಿಸೀವರನ ಖಾತೆಗೆ,
ಅಲ್ಲಿಂದ ಸಾಲ ಕೊಟ್ಟವರ ಪಾಲಿಗೆ.
ಸಂಬಳ ಏರಿದಂತೆ ಕಾಣುವ ಚೀಟಿಯೇ
ಅವನು ಮುಳುಗಿದ್ದಕ್ಕೆ ಸಾಕ್ಷಿ.

ಕಾನೂನಿಗೆ ಇದು ಗುಟ್ಟೇ ಅಲ್ಲ. ಗೆಜೆಟ್ಟಿನಲ್ಲಿ
ಅವನ ಹೆಸರು, ವಿಳಾಸ, ಫ್ರೀಮನ್ ಬೀದಿಯಲ್ಲಿ ಇಟ್ಟಿದ್ದ
ಗಾಲಿಕುರ್ಚಿ ರಿಪೇರಿ ಅಂಗಡಿಯ ಹೆಸರು ಕೂಡ ಅಚ್ಚಾಗಿದೆ,
ಊರಿಗೆಲ್ಲ ಡಂಗುರ ಹೊಡೆದ ಹಾಗೆ.
ಆದರೆ ಮೀನು ಸೀಳುವವರಲ್ಲಿ ಗೆಜೆಟ್ ಓದುವವರು ಯಾರು?
ಡಂಗುರ ಬಡಿದದ್ದು ನರಪಿಳ್ಳೆ ಇಲ್ಲದ ಬೀದಿಯಲ್ಲಿ.
ಕೇಳಿಸಿಕೊಂಡವಳು ನಾನೊಬ್ಬಳು.

ನಾನೇನು ದೇವತೆಯಲ್ಲ.
ಆ ರಾತ್ರಿಯೇ ಗಂಡನಿಗೆ ಹೇಳಿದೆ, ಹೆಸರೊಂದು ಬಿಟ್ಟು.
ಆಲೂಗಡ್ಡೆ ಸುಲಿಯುತ್ತಿದ್ದ ಗೋರ್ಡನ್ ತಲೆಯೆತ್ತದೆ
"ಲೆಗಾಟ್ ತಾನೆ?" ಅಂದ. "ಅಂಗಡಿ ಬಾಗಿಲು ಹಾಕಿ ಬಹಳ ದಿನ ಆಯ್ತು."
ಕಂಚಿನ ತಟ್ಟೆ ಕೈಜಾರಿದ ಹಾಗೆ
ನನ್ನ ಮಾತು ನನ್ನ ಕಿವಿಯಲ್ಲೇ
ಮಲಗುವ ತನಕ ಗುಂಯ್‌ಗುಟ್ಟಿತು.

ಶುಕ್ರವಾರ ಪಾಳಿ ಮುಗಿಸಿ ಅವನೇ ಬಂದ,
ತಲೆಯ ಬಲೆ ಕೈಯಲ್ಲಿ ಹಿಂಡುತ್ತ.
ರೆಪ್ಪೆಯ ಮೇಲೆ ಶೀತಲಗೃಹದ ಬಿಳಿ ಇನ್ನೂ ಕರಗಿರಲಿಲ್ಲ.
"ಇದು ಯಾರ್ಯಾರಿಗೆ ಕಾಣಿಸುತ್ತೆ?"
"ನನಗೆ."
"ಮೇಲಿನವರಿಗೆ?"
"ಅವರು ಒಟ್ಟು ಮೊತ್ತ ನೋಡ್ತಾರೆ. ಅಕ್ಷರ ನೋಡಲ್ಲ."
ಅವನು ಗೋಡೆಯ ಕ್ಯಾಲೆಂಡರು ನೋಡಿದ, ತುಂಬ ಹೊತ್ತು.
"ನಿಮ್ಮ ನಿವೃತ್ತಿ ಯಾವಾಗ, ಗ್ಲೆನಿಸ್?"

ಫೆಬ್ರವರಿ ಎನ್ನಲು ನಾಲಿಗೆ ಏಳಲಿಲ್ಲ.
ಅವನ ಎರಡಕ್ಷರ ಅಳಿಯುವುದು ಏಪ್ರಿಲಿನಲ್ಲಿ.

ಈಗ ಜನವರಿ. ಪಕ್ಕದ ಕುರ್ಚಿಯಲ್ಲಿ ಹೊಸ ಹುಡುಗ ಡೆಕ್ಲನ್.
ಚುರುಕು. ಕೀಲಿಗಳ ಮೇಲೆ ಜಡಿಮಳೆಯಂಥ ಬೆರಳು.
ಎಲ್ಲಕ್ಕೂ ಯಾಕೆ ಎಂದು ಕೇಳುವ ವಯಸ್ಸು.
ಇವತ್ತು ಓದುತ್ತ ಓದುತ್ತ ನಿಂತ.
"ಈ ಎನ್‌ಟಿ ಅಂದ್ರೆ?"

ಕಲಿಸುವುದು ನನ್ನ ಕೆಲಸ. ತೆರಿಗೆ ಇಲ್ಲ, ಅಂದೆ.
"ಯಾಕಿಲ್ಲ?"

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ
ಕೀಂ ಕೀಂ ಅನ್ನುತ್ತಿತ್ತು. ನಿಲ್ಲುವವರೆಗೆ ಕಾದೆ.
"ಇಲಾಖೆ ಹೇಳಿಲ್ಲ. ನಾವು ಕೇಳೋದಿಲ್ಲ.
ಮುಂದಿನ ಸಾಲು ಓದು."

ಓದಿದ. ಲೆಂಟನ್, ಸೀಳುವ ವಿಭಾಗ, ಹಗಲು ಪಾಳಿ,
ಒಂದು ಎರಡು ಐದು ಏಳು ಎಲ್.