ಚುಳಿ

ಪಂಚಾಯತು ಆಫೀಸಿನಲ್ಲಿ ನನ್ನ ಮೇಜು
ಕಿಟಕಿಗೆ ಬೆನ್ನು ಹಾಕಿದೆ.
ಹಿಂದೆ ತೆಂಗು, ರೈಲುಹಳಿ, ಅದರಾಚೆ ಕಡಲು.
ಎದುರಿಗೆ ಕಡತ.
ಮಲಯಾಳದಿಂದ ಕನ್ನಡಕ್ಕೆ ದಾಟಿಸುವುದು ನನ್ನ ಕೆಲಸ:
ನೀರಿನ ಬಿಲ್ಲು, ನಾಯಿಯ ಚುಚ್ಚುಮದ್ದು, ಕಟ್ಟಡ ತೆರಿಗೆ.
ಕೂತಲ್ಲೇ ಹುಟ್ಟುಹಾಕುವ ಅಂಬಿಗಿತ್ತಿ,
ಕಾಲು ಒದ್ದೆಯಾಗುವುದಿಲ್ಲ.

ಪಡುಗುಡ್ಡೆ ಕಡಪ್ಪುರಕ್ಕೆ ಒಬ್ಬನೇ ಕಾವಲು, ವಾಮನ ಸಾಲ್ಯಾನ್.
ಎರಡು ಕಿಲೋಮೀಟರ್ ಮರಳಿಗೆ ಎರಡು ಕಣ್ಣು,
ಒಂದಕ್ಕೆ ಪೊರೆ.
ಸೀಟಿ ಸ್ವಂತದ್ದು, ಉಪ್ಪಳ ಪೇಟೆಯಲ್ಲಿ ಕೊಂಡದ್ದು.
ಹಗ್ಗ ಮೊಯ್ದೀನ್‌ಕುಂಞಿಯ ದೋಣಿಯದು;
ದೋಣಿ ಹೋದ ದಿನ ಹಗ್ಗವೂ ಹೋಗುತ್ತದೆ.
ಕಿತ್ತಳೆ ಬಣ್ಣದ ತೇಲುಬಳೆಗಳು ಬಂದಿದ್ದವು, ಸುಳ್ಳಲ್ಲ.
ದಾಸ್ತಾನು ಪುಸ್ತಕ, ಪುಟ ನಲವತ್ತೊಂದು:
‘ಎರಡು. ಸುಸ್ಥಿತಿಯಲ್ಲಿವೆ.’
ಕೋಣೆಯ ಬೀಗದ ಕೈ ವರ್ಗವಾಗಿ ಹೋದವರ ಜೇಬಿನಲ್ಲಿದೆ.

‘ಇನ್ನು ಮೂವರು ಬೇಕು’ ಎಂದು ಸಾಲ್ಯಾನ್ ಬರೆದ.
ಮಲಯಾಳಕ್ಕೆ ದಾಟಿಸಿದವಳು ನಾನೇ.
ಪ್ರವಾಸೋದ್ಯಮದವರು ಅಂದರು: ಅದು ಸ್ನಾನದ ಜಾಗವೆಂದು ನಮ್ಮ ಪಟ್ಟಿಯಲ್ಲಿಲ್ಲ.
ಪೊಲೀಸರು ಅಂದರು: ನಮಗೆ ಕಳ್ಳಸಾಗಣೆ ಮಾತ್ರ.
ಪಂಚಾಯತು ಅಂದಿತು:
ಅಲೆ ಮುಟ್ಟುವ ಗೆರೆಯ ಈಚೆ ನಮ್ಮದು, ಆಚೆ ಬಂದರು ಇಲಾಖೆಯದು.
ಗೆರೆಯೋ ದಿನಕ್ಕೆರಡು ಸಲ ಜರಗುತ್ತದೆ.
ಮುಳುಗುವವನು ಮೊದಲು ಕೇಳಿಕೊಳ್ಳಬೇಕು,
ಈಗ ನಾನು ಯಾರ ನೀರಿನಲ್ಲಿದ್ದೇನೆ?

ಓಣಂ ರಜೆ. ಪೆರ್ಲದಿಂದ ಏಳು ಹುಡುಗರು, ಒಂದು ಜೀಪು.
ಸಾಲ್ಯಾನ್ ಉತ್ತರದ ತುದಿಯಲ್ಲಿದ್ದ.
ಓಡುತ್ತ ಕೂಗಿದನಂತೆ:
ಪೋವಡೆ! ಪೋಗರುದ್! ಹೋಗಬೇಡಿ!
ಮೂರೂ ಭಾಷೆ ಗಾಳಿಗೆ ಹೋಯಿತು.
ಹಗ್ಗವಿಲ್ಲದೆ ಇಳಿದು ಒಬ್ಬನನ್ನು ಎಳೆದು ತಂದ.
ತುಷಿತನನ್ನಲ್ಲ.

ವಿಚಾರಣೆಯಾಯಿತು. ದಿನಗೂಲಿ ನಿಂತಿತು.
‘ಕೃತ್ಯವಿಲೋಪಂ’ ಎಂದು ಆದೇಶ ನನ್ನ ಮೇಜಿಗೆ ಬಂತು.
ಕರ್ತವ್ಯಲೋಪ.
ಎಷ್ಟು ಹಗುರಾಗಿ ದಾಟಿತು ಆ ಮಾತು,
ಊಟದ ಗಂಟೆಗೆ ಮೊದಲೇ.

ಮೊಹರಿನ ಶಾಯಿ ಹುಡುಕಿ ಕೆಳಗಿನ ಡ್ರಾಯರ್ ಎಳೆದೆ.
ಒಂದು ಹಾಳೆ. ಕಡಪ್ಪುರದ ಫಲಕಕ್ಕೆ ಮೂರು ಸಾಲು.
ಮೂಲೆಯಲ್ಲಿ: ‘ಕನ್ನಡಕ್ಕೆ. ತುರ್ತು.’
ತಾರೀಕು, ಆ ಹುಡುಗ ಸಾಯುವುದಕ್ಕೆ ಹದಿನೆಂಟು ದಿನ ಮೊದಲಿನದು.

ಚುಳಿ ಎಂದರೆ ಸುಳಿ.
ಒಂದಕ್ಷರ ಈಚೆಗೆ ಸರಿದರೆ ಅದೇ ನೀರು.
ಗೊತ್ತಿತ್ತು. ಗೊತ್ತಿದ್ದ ಮಾತಿಗೆ ಏನವಸರ ಎಂದು
ಬಿಲ್ಲುಗಳ ಅಡಿಗಿಟ್ಟೆ.

ಓದುತ್ತಿದ್ದನೇ ಅವನು?
ಕನ್ನಡ ಶಾಲೆಯ ಹುಡುಗ. ಓದಬಹುದಿತ್ತು.
ಓದದೆಯೂ ಇರಬಹುದಿತ್ತು, ಆ ವಯಸ್ಸು ಹಾಗೆ.
ಅವನ ಚಪ್ಪಲಿ ಸಿಕ್ಕಿದ್ದು ಫಲಕದ ಬುಡದಲ್ಲೇ,
ಜೋಡಿಯಾಗಿ,
ಮನೆಯ ಹೊಸಿಲಲ್ಲಿ ಬಿಟ್ಟ ಹಾಗೆ.

ಭಾನುವಾರ ಪೇಂಟಿನ ಡಬ್ಬಿ ಹಿಡಿದು ಹೋದೆ.
ಸಂಬಳವಿಲ್ಲದ ಸಾಲ್ಯಾನ್ ಅಲ್ಲೇ ಕೂತಿದ್ದ,
ಕೊರಳಲ್ಲಿ ಸೀಟಿ.
ಏಣಿ ಹಿಡಿದುಕೊಂಡ. ನಾನು ‘ಸು’ ಬರೆದೆ, ‘ಳಿ’ ಬರೆದೆ.
‘ದೊಡ್ಡದಾಗಿ ಬರೆಯಿರಿ ಅಕ್ಕಾ,
ನನಗೇ ಕಾಣುವುದಿಲ್ಲ’ ಎಂದ.

ಹಾಳೆಯ ವಿಷಯ
ಅವನಿಗಿನ್ನೂ ಹೇಳಿಲ್ಲ.